ಅಂಗಡಿಗೊಂದು ವೆಬ್ ಪುಟ: ಮಾಡೋರಿಗೆ ಬೇಕಾದ ಕೋಡ್ ಸಾಲುಗಳು, ಕಲಿಯೋ ಜಾಗಗಳು, ಮಾಡಿಸೋರು ಕೇಳಬೇಕಾದ ಪ್ರಶ್ನೆಗಳು

"ದುಡ್ಡು ಕೊಟ್ಟು ಮಾಡಿಸಿದ ವೆಬ್‌ಸೈಟ್ ಈಗ ತೆರೆಯೋದೇ ಇಲ್ಲ. ಮಾಡಿಕೊಟ್ಟ ಹುಡುಗ ಬೆಂಗಳೂರಿಗೆ ಹೋದ, ಫೋನೂ ಎತ್ತಲ್ಲ. ಬೋರ್ಡು, ಬಿಲ್ ಬುಕ್ಕು ಎಲ್ಲದರ ಮೇಲೂ ಅದೇ ಅಡ್ರೆಸ್ ಪ್ರಿಂಟ್ ಆಗಿದೆ. ಏನ್ ಮಾಡ್ಲಪ್ಪಾ?" ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರೋ ಒಬ್ಬರು ಕೇಳಿದ ಪ್ರಶ್ನೆ ಇದು. ಇದೇ ಮಾತು ಬಟ್ಟೆ ಅಂಗಡಿಯಲ್ಲೂ, ಹಾರ್ಡ್‌ವೇರ್ ಅಂಗಡಿಯಲ್ಲೂ ಕೇಳಿಬರುತ್ತೆ.

ಇನ್ನೊಂದು ಕಡೆ ಡಿಗ್ರಿ ಓದ್ತಾ ಇರೋ, ಓದು ಬಿಟ್ಟಿರೋ ಹುಡುಗ ಹುಡುಗಿಯರು ಮೊಬೈಲಲ್ಲೇ ವೆಬ್ ಡಿಸೈನ್ ಕಲೀತಾ ಇದ್ದಾರೆ. ಅವರಿಗೆ ಮೊದಲ ಗಿರಾಕಿ ಅಂದ್ರೆ ಊರಿನ ಅಂಗಡಿಯೇ. ಹಾಗಾಗಿ ಈ ಬರಹ ಇಬ್ಬರಿಗೂ. ಒಂದು ಅಂಗಡಿಯ ಒಂದೇ ಪುಟದ ವೆಬ್‌ಸೈಟ್‌ಗೆ ಏನೇನು ಕೋಡ್ ಬೇಕು, ಅದನ್ನ ದುಡ್ಡಿಲ್ಲದೆ ಎಲ್ಲಿ ಕಲೀಬಹುದು, ಮಾಡಿಸೋರು ದುಡ್ಡು ಕೊಡೋ ಮೊದಲು ಏನು ನೋಡಬೇಕು, ಎಲ್ಲಾ ಒಂದೇ ಕಡೆ ಕೊಟ್ಟಿದೆ. ಸೇವ್ ಮಾಡಿಟ್ಟುಕೊಳ್ಳಿ.

ಗಮನಿಸಿ: ಕೋಡ್ ಪದಗಳನ್ನ ಇಲ್ಲಿ ಉಚ್ಚಾರಣೆ ಇರೋ ಹಾಗೆ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಬೇಕು. ಸ್ಪೆಲಿಂಗ್ ಅನುಮಾನ ಬಂದರೆ ಆ ಪದದ ಜೊತೆ "ಎಂಡಿಎನ್" ಅಂತ ಸೇರಿಸಿ ಗೂಗಲ್‌ನಲ್ಲಿ ಹುಡುಕಿ, ಸರಿಯಾದ ಪುಟ ಸಿಗುತ್ತೆ.

ಫ್ರಂಟ್ ಎಂಡ್ ಅಂದ್ರೆ ಏನು?

ಗಿರಾಕಿಯ ಫೋನಿನ ಪರದೆ ಮೇಲೆ ಕಾಣೋ ಭಾಗವೇ ಫ್ರಂಟ್ ಎಂಡ್. ಇದಕ್ಕೆ ಮೂರು ಭಾಷೆ ಸಾಕು. ಪುಟದಲ್ಲಿ ಏನೇನು ಇರಬೇಕು ಅಂತ ಹೇಳೋದು ಎಚ್‌ಟಿಎಂಎಲ್. ಅದು ಹೇಗೆ ಕಾಣಬೇಕು ಅಂತ ಹೇಳೋದು ಸಿಎಸ್‌ಎಸ್. ಒತ್ತಿದಾಗ ಏನಾಗಬೇಕು, ಲೆಕ್ಕ ಹೇಗೆ ಆಗಬೇಕು ಅನ್ನೋದು ಜಾವಾಸ್ಕ್ರಿಪ್ಟ್. ವೆಬ್‌ನ ಯೋಜನೆಯನ್ನ ಟಿಮ್ ಬರ್ನರ್ಸ್-ಲೀ 1989ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಮುಂದಿಟ್ಟರು. ಸಿಎಸ್‌ಎಸ್‌ನ ಪ್ರಸ್ತಾಪ 1994ರಲ್ಲಿ ಬಂತು. ಜಾವಾಸ್ಕ್ರಿಪ್ಟನ್ನ 1995ರಲ್ಲಿ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಮೊದಲ ರೂಪಕ್ಕೆ ತಂದರು. ಮೂರಕ್ಕೂ ಲೈಸೆನ್ಸ್ ಫೀ ಇಲ್ಲ. ಕಂಪ್ಯೂಟರ್ ಇದ್ದರೆ ನೋಟ್‌ಪ್ಯಾಡಲ್ಲೇ ಬರೀಬಹುದು. ಅಂಗಡಿಯ ವಿವರ, ದರಪಟ್ಟಿ, ಫೋಟೋ, ಫೋನ್ ನಂಬರಿಗೆ ಇಷ್ಟೇ ಸಾಕು.

1. ಪುಟದ ತಲೆಯಲ್ಲಿ ಇರಲೇಬೇಕಾದ ಸಾಲುಗಳು

<!ಡಾಕ್‌ಟೈಪ್ ಎಚ್‌ಟಿಎಂಎಲ್>
<ಎಚ್‌ಟಿಎಂಎಲ್ ಲ್ಯಾಂಗ್="ಕೆಎನ್">
<ಮೆಟಾ ಚಾರ್‌ಸೆಟ್="ಯುಟಿಎಫ್-8">
<ಮೆಟಾ ನೇಮ್="ವ್ಯೂಪೋರ್ಟ್" ಕಂಟೆಂಟ್="ವಿಡ್ತ್=ಡಿವೈಸ್-ವಿಡ್ತ್, ಇನಿಶಿಯಲ್-ಸ್ಕೇಲ್=1">
<ಟೈಟಲ್>ಅಂಗಡಿ ಹೆಸರು, ಊರು</ಟೈಟಲ್>

ಮೊದಲನೇ ಸಾಲು ಬಿಟ್ಟರೆ ಬ್ರೌಸರ್ ಹಳೇ ಕಾಲದ ನಿಯಮಗಳ ಪ್ರಕಾರ ಪುಟ ತೋರಿಸುತ್ತೆ, ಅಳತೆ ಏರುಪೇರಾಗುತ್ತೆ. ಎರಡನೇದು ಈ ಪುಟ ಕನ್ನಡದ್ದು ಅಂತ ಹೇಳುತ್ತೆ. ಕಣ್ಣು ಕಾಣದವರು ಬಳಸೋ ಓದುವ ಸಾಫ್ಟ್‌ವೇರ್ ಇದನ್ನ ನೋಡಿಯೇ ಕನ್ನಡ ದನಿ ಆರಿಸಿಕೊಳ್ಳೋದು. ಮೂರನೇದು ಇಲ್ಲದಿದ್ದರೆ ಕನ್ನಡ ಅಕ್ಷರದ ಜಾಗದಲ್ಲಿ ಏನೇನೋ ಚಿಹ್ನೆ ಬರಬಹುದು. ಇದು ಫೈಲಿನ ಮೊದಲ 1024 ಬೈಟ್ ಒಳಗೇ ಇರಬೇಕು, ಅಂದ್ರೆ ತೀರಾ ಮೇಲೆ. ನಾಲ್ಕನೇದು ಮರೆತರೆ ಫೋನು ಆ ಪುಟವನ್ನ ಕಂಪ್ಯೂಟರ್ ಅಗಲಕ್ಕೆ, ಸಾಮಾನ್ಯವಾಗಿ 980 ಪಿಕ್ಸೆಲ್‌ಗೆ, ಹರಡಿ ಆಮೇಲೆ ಕುಗ್ಗಿಸಿ ತೋರಿಸುತ್ತೆ. ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತೆ, ಗಿರಾಕಿ ಎರಡು ಬೆರಳಲ್ಲಿ ಎಳೆದು ಎಳೆದು ಬೇಜಾರಾಗಿ ಹೋಗ್ತಾನೆ. ಐದನೇದು ಗೂಗಲ್‌ನಲ್ಲಿ ಹುಡುಕಿದಾಗ ಕಾಣೋ ಹೆಸರು. ಊರಿನ ಹೆಸರು ಸೇರಿಸೋದನ್ನ ಮರೀಬೇಡಿ.

2. ಕನ್ನಡ ಸರಿಯಾಗಿ ಕಾಣಬೇಕಾದ್ರೆ

ನಾನು ಮೊದಲ ಸಲ ಒಬ್ಬರಿಗೆ ಪುಟ ಮಾಡಿದಾಗ ಡಿಟಿಪಿ ಸೆಂಟರಿಂದ ಫೈಲ್ ಇಸ್ಕೊಂಡು ಬಂದು ಹಾಗೇ ಪೇಸ್ಟ್ ಮಾಡಿದ್ದೆ. ಪುಟದ ತುಂಬಾ ಇಂಗ್ಲಿಷ್ ಅಕ್ಷರಗಳ ಮೇಲೆ ಚುಕ್ಕೆ, ಗೆರೆ ಇಟ್ಟ ಹಾಗೆ ಏನೇನೋ ಬಂತು. ತಪ್ಪು ನನ್ನದೇ. ಫ್ಲೆಕ್ಸ್, ಪಾಂಪ್ಲೆಟ್ ಮಾಡೋ ಕಡೆ ನುಡಿ, ಬರಹದ ಹಳೇ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡೋದು ಈಗಲೂ ಇದೆ. ಅದರಲ್ಲಿ ಕಂಪ್ಯೂಟರ್ ಒಳಗೆ ಉಳಿಯೋದು ಇಂಗ್ಲಿಷ್ ಸಂಕೇತಗಳು, ಫಾಂಟ್ ಮಾತ್ರ ಕನ್ನಡದ ವೇಷ ಹಾಕಿರುತ್ತೆ. ಗಿರಾಕಿಯ ಫೋನಲ್ಲಿ ಆ ಫಾಂಟ್ ಇರಲ್ಲ, ವೇಷ ಕಳಚುತ್ತೆ.

ವೆಬ್‌ಗೆ ಯುನಿಕೋಡ್ ಕನ್ನಡವೇ ಬೇಕು. ವಾಟ್ಸ್ಯಾಪ್‌ನಲ್ಲಿ ನೀವು ಟೈಪ್ ಮಾಡೋ ಕನ್ನಡ ಯುನಿಕೋಡೇ. ಹಳೇ ಫೈಲ್ ಇದ್ದರೆ "ಆಸ್ಕಿ ಟು ಯುನಿಕೋಡ್ ಕನ್ನಡ ಕನ್ವರ್ಟರ್" ಅಂತ ಹುಡುಕಿ, ಉಚಿತ ಪರಿವರ್ತಕಗಳಿವೆ. ಪರಿವರ್ತನೆ ಆದಮೇಲೆ ಒಂದು ಸಲ ಕಣ್ಣಾಡಿಸಿ. ಅರ್ಕಾವೊತ್ತು, ಅಂಕಿಗಳು ತಪ್ಪಿರಬಹುದು. ದರಪಟ್ಟಿಯಲ್ಲಿ ಒಂದು ಅಂಕಿ ತಪ್ಪಿದರೆ ಜಗಳ ಗ್ಯಾರಂಟಿ.

ಸಿಎಸ್‌ಎಸ್‌ನಲ್ಲಿ ಬಾಡಿಗೆ ಇದನ್ನ ಹಾಕಿ:

ಫಾಂಟ್-ಫ್ಯಾಮಿಲಿ: "ನೋಟೋ ಸಾನ್ಸ್ ಕನ್ನಡ", "ನಿರ್ಮಲಾ ಯುಐ", ಸಾನ್ಸ್-ಸೆರಿಫ್;
ಲೈನ್-ಹೈಟ್: 1.7;

ನಿರ್ಮಲಾ ವಿಂಡೋಸ್‌ನಲ್ಲಿ ಇದ್ದೇ ಇರುತ್ತೆ. ಆಂಡ್ರಾಯ್ಡ್ ಫೋನಿನಲ್ಲೂ ಕನ್ನಡ ಫಾಂಟ್ ಬಂದೇ ಇರೋದರಿಂದ ಬೇರೆ ಫಾಂಟ್ ಡೌನ್‌ಲೋಡ್ ಮಾಡಿಸಿ ಗಿರಾಕಿಯ ಡೇಟಾ ಖರ್ಚು ಮಾಡಿಸೋ ಅಗತ್ಯ ಇಲ್ಲ. ಲೈನ್-ಹೈಟ್ ಯಾಕೆ 1.7? ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತೆ. ಇಂಗ್ಲಿಷ್‌ಗೆ ಇಡೋ 1.2 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತೆ. ಅಕ್ಷರಗಳ ನಡುವೆ ಜಾಗ ಬಿಡೋ ಲೆಟರ್-ಸ್ಪೇಸಿಂಗನ್ನ ಕನ್ನಡಕ್ಕೆ ಹಾಕಲೇಬೇಡಿ, ಪದದ ಅಂದ ಕೆಡುತ್ತೆ.

ಇನ್ನೊಂದು ವಿಷಯ. ಫಾರ್ಮಿನಲ್ಲಿ ಹೆಸರು ಬರೆಯೋ ಜಾಗಕ್ಕೆ ಮ್ಯಾಕ್ಸ್‌ಲೆಂತ್ ಅಂತ ಮಿತಿ ಹಾಕೋ ರೂಢಿ ಇದೆ. "ಕ್ಷ" ನಮಗೆ ಒಂದಕ್ಷರ, ಕಂಪ್ಯೂಟರಿಗೆ ಮೂರು. "ಸ್ತ್ರೀ" ಅಂದ್ರೆ ಆರು. ಮಿತಿ 10 ಇಟ್ಟರೆ ಕನ್ನಡದ ಹೆಸರು ಅರ್ಧಕ್ಕೇ ನಿಲ್ಲುತ್ತೆ. 60 ಇಡಿ, ಇಲ್ಲಾಂದ್ರೆ ಮಿತಿಯೇ ಬೇಡ.

3. ಫೋನ್, ವಾಟ್ಸ್ಯಾಪ್, ಯುಪಿಐ ಬಟನ್

ಅಂಗಡಿ ಪುಟದಲ್ಲಿ ಇವಕ್ಕಿಂತ ಮುಖ್ಯವಾದ್ದು ಬೇರೆ ಇಲ್ಲ.

ಕರೆ ಮಾಡೋಕೆ:
<ಎ ಎಚ್‌ರೆಫ್="ಟೆಲ್:+91 ನಂಬರ್">ಫೋನ್ ಮಾಡಿ</ಎ>
ಇಲ್ಲಿ +91 ಆದಮೇಲೆ ಜಾಗ ಬಿಡದೆ 10 ಅಂಕಿ. ಒತ್ತಿದ ತಕ್ಷಣ ಡಯಲ್ ಪರದೆ ತೆರೆಯುತ್ತೆ. ನಂಬರನ್ನ ಫೋಟೋ ಒಳಗೆ ಮಾತ್ರ ಹಾಕಿದರೆ ಒತ್ತೋಕೂ ಆಗಲ್ಲ, ಕಾಪಿ ಮಾಡೋಕೂ ಆಗಲ್ಲ.

ವಾಟ್ಸ್ಯಾಪ್‌ಗೆ:
ಎಚ್‌ಟಿಟಿಪಿಎಸ್://ಡಬ್ಲ್ಯುಎ.ಎಂಇ/91 ನಂಬರ್
ಇಲ್ಲಿ ಪ್ಲಸ್ ಗುರುತು, ಸೊನ್ನೆ, ಡ್ಯಾಶ್ ಏನೂ ಹಾಕಬಾರದು. ಜಾಗವೂ ಬಿಡದೆ 91 ಮತ್ತು 10 ಅಂಕಿ ಅಷ್ಟೇ. ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ "ಟೆಕ್ಸ್ಟ್=" ಅಂತ ಸೇರಿಸಿದರೆ ಗಿರಾಕಿಯ ಮೆಸೇಜ್ ಬಾಕ್ಸಿನಲ್ಲಿ "ಇವತ್ತಿನ ದರ ತಿಳಿಸಿ" ಅಂತ ಮೊದಲೇ ಬರೆದಿಡಬಹುದು. ಕನ್ನಡ ವಾಕ್ಯವನ್ನ ಜಾವಾಸ್ಕ್ರಿಪ್ಟಿನ "ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್" ಮೂಲಕ ಹಾಯಿಸಿ ಹಾಕಿದರೆ ಎಲ್ಲಾ ಫೋನಲ್ಲೂ ಸರಿ ಹೋಗುತ್ತೆ.

ಯುಪಿಐಗೆ:
ಯುಪಿಐ://ಪೇ?ಪಿಎ=ನಿಮ್ಮ ಯುಪಿಐ ಐಡಿ&ಪಿಎನ್=ಹೆಸರು&ಸಿಯು=ಐಎನ್‌ಆರ್
ಕೊನೆಯ ಐಎನ್‌ಆರ್ ಮಾತ್ರ ದೊಡ್ಡಕ್ಷರದಲ್ಲಿ. ಯುಪಿಐ ಆಪ್ ಇರೋ ಫೋನಲ್ಲಿ ಮಾತ್ರ ಇದು ತೆರೆಯುತ್ತೆ, ಕಂಪ್ಯೂಟರಲ್ಲಿ ಏನೂ ಆಗಲ್ಲ. ಅದಕ್ಕೆ ಕ್ಯೂಆರ್ ಕೋಡ್ ಚಿತ್ರವನ್ನೂ ಪಕ್ಕದಲ್ಲಿ ಇಡಿ. ಆದರೆ ಒಂದು ಎಚ್ಚರಿಕೆ: ಈ ಪುಟವನ್ನ ತಿದ್ದೋ ಪಾಸ್‌ವರ್ಡ್ ಯಾರ ಹತ್ರ ಇದೆಯೋ ಅವರು ಆ ಐಡಿಯನ್ನೂ ಬದಲಾಯಿಸಬಹುದು. ದುಡ್ಡು ಬೇರೆ ಕಡೆ ಹೋದಮೇಲೆ ಗೊತ್ತಾಗೋದು. ಪಾಸ್‌ವರ್ಡ್ ನಿಮ್ಮ ಕೈಲಿ ಇಲ್ಲದಿದ್ದರೆ ಯುಪಿಐ ಹಾಕಿಸಬೇಡಿ.

4. ಫೋಟೋ ಭಾರ ಇಳಿಸೋದು

ಮೊಬೈಲಲ್ಲಿ ತೆಗೆದ ಫೋಟೋ ಹಲವು ಎಂಬಿ ಇರುತ್ತೆ. ಅಂಥ ಹತ್ತು ಫೋಟೋ ಹಾಗೇ ಹಾಕಿದರೆ ನೆಟ್‌ವರ್ಕ್ ಕಮ್ಮಿ ಇರೋ ಹಳ್ಳಿಯಲ್ಲಿ ಪುಟ ತೆರೆಯೋದೇ ಇಲ್ಲ. ಗೂಗಲ್ ಕ್ರೋಮ್‌ನವರ "ಸ್ಕ್ವೂಶ್" ಅನ್ನೋ ಉಚಿತ ಸಾಧನ ಬ್ರೌಸರಲ್ಲೇ ನಡೆಯುತ್ತೆ. ಫೋಟೋ ಹಾಕಿ, ಅಗಲವನ್ನ 1000 ಪಿಕ್ಸೆಲ್ ಒಳಗೆ ಇಳಿಸಿ, ವೆಬ್‌ಪಿ ರೂಪದಲ್ಲಿ ಸೇವ್ ಮಾಡಿ. ಎಂಬಿಯಲ್ಲಿ ಇದ್ದದ್ದು ಕೆಬಿಗೆ ಇಳಿಯುತ್ತೆ.

ಆಮೇಲೆ ಸಾಲು ಹೀಗೆ:
<ಐಎಂಜಿ ಎಸ್‌ಆರ್‌ಸಿ="ಅಂಗಡಿ.ವೆಬ್‌ಪಿ" ವಿಡ್ತ್="1000" ಹೈಟ್="750" ಲೋಡಿಂಗ್="ಲೇಜಿ" ಆಲ್ಟ್="ಅಂಗಡಿ ಮುಂಭಾಗ, ಬಸ್ ಸ್ಟ್ಯಾಂಡ್ ಎದುರು">

ಅಗಲ-ಎತ್ತರ ಕೊಟ್ಟರೆ ಫೋಟೋ ಬರೋ ಮೊದಲೇ ಬ್ರೌಸರ್ ಜಾಗ ಕಾಯ್ದಿಡುತ್ತೆ, ಓದ್ತಾ ಇರುವಾಗ ಅಕ್ಷರ ಕೆಳಗೆ ಜಿಗಿಯಲ್ಲ. ಲೇಜಿ ಅಂದ್ರೆ ಕೆಳಗಿನ ಫೋಟೋ ಅಲ್ಲಿಗೆ ಸರಿಸಿದಾಗಲೇ ಇಳಿಯುತ್ತೆ. ಪುಟ ತೆರೆದ ತಕ್ಷಣ ಕಾಣೋ ಮೊದಲ ಫೋಟೋಗೆ ಮಾತ್ರ ಲೇಜಿ ಬೇಡ. ಫೋಟೋ ಬರದೇ ಇದ್ದರೆ ಆಲ್ಟ್‌ನಲ್ಲಿ ಬರೆದ ಮಾತು ಕಾಣುತ್ತೆ. ಸಿಎಸ್‌ಎಸ್‌ನಲ್ಲಿ ಐಎಂಜಿಗೆ "ಮ್ಯಾಕ್ಸ್-ವಿಡ್ತ್: 100%; ಹೈಟ್: ಆಟೋ;" ಅಂತ ಹಾಕಿದರೆ ಪರದೆ ಬಿಟ್ಟು ಆಚೆ ಹೋಗಲ್ಲ.

5. ಸಾಮಾನಿನ ಪಟ್ಟಿ ಜೋಡಿಸೋದು

ಡಿಸ್ಪ್ಲೇ: ಗ್ರಿಡ್;
ಗ್ರಿಡ್-ಟೆಂಪ್ಲೇಟ್-ಕಾಲಮ್ಸ್: ರಿಪೀಟ್(ಆಟೋ-ಫಿಟ್, ಮಿನ್‌ಮ್ಯಾಕ್ಸ್(150ಪಿಎಕ್ಸ್, 1ಎಫ್‌ಆರ್));
ಗ್ಯಾಪ್: 12ಪಿಎಕ್ಸ್;

ಇಷ್ಟೇ. ಸಣ್ಣ ಫೋನಲ್ಲಿ ಸಾಲಿಗೆ ಎರಡು ಸಾಮಾನು, ಟ್ಯಾಬಲ್ಲಿ ನಾಲ್ಕು, ಕಂಪ್ಯೂಟರಲ್ಲಿ ಇನ್ನೂ ಜಾಸ್ತಿ ತಾನೇ ಕೂತ್ಕೊಳ್ಳುತ್ತೆ. ಒಂದೊಂದು ಪರದೆಗೆ ಬೇರೆ ಬೇರೆ ಕೋಡ್ ಬರೀಬೇಕಾಗಿಲ್ಲ.

ದರಪಟ್ಟಿಗೆ ಟೇಬಲ್ ಬಳಸಿದರೆ ಅದನ್ನ ಒಂದು ಡಿವ್ ಒಳಗಿಟ್ಟು "ಓವರ್‌ಫ್ಲೋ-ಎಕ್ಸ್: ಆಟೋ" ಹಾಕಿ. ಪಟ್ಟಿ ಮಾತ್ರ ಪಕ್ಕಕ್ಕೆ ಸರಿಯುತ್ತೆ, ಇಡೀ ಪುಟ ಅಲ್ಲಾಡಲ್ಲ. ಪಟ್ಟಿಯ ಮೇಲೆ "ಈ ದರ ಯಾವ ದಿನದ್ದು" ಅಂತ ತಾರೀಖು ಬರೀರಿ. ಹೋದ ವರ್ಷದ ದರ ಹಿಡ್ಕೊಂಡು ಬಂದು ವಾದ ಮಾಡೋ ಗಿರಾಕಿಗೆ ಅದೇ ಉತ್ತರ.

6. "ಅಂಗಡಿ ಈಗ ತೆರೆದಿದೆ" ಅಂತ ತೋರಿಸೋದು

ಜಾವಾಸ್ಕ್ರಿಪ್ಟಿನಲ್ಲಿ "ನ್ಯೂ ಡೇಟ್()" ಅಂದ್ರೆ ಈಗಿನ ಹೊತ್ತು. ಅದರ ಮುಂದೆ ಚುಕ್ಕೆ ಇಟ್ಟು "ಗೆಟ್‌ಅವರ್ಸ್()" ಅಂದ್ರೆ ಗಂಟೆ, 0ಯಿಂದ 23ರವರೆಗೆ. "ಗೆಟ್‌ಡೇ()" ಅಂದ್ರೆ ವಾರ: ಭಾನುವಾರ 0, ಸೋಮವಾರ 1, ಮಂಗಳವಾರ 2, ಹೀಗೆ. ಮಂಗಳವಾರ ರಜೆ, ಬೆಳಿಗ್ಗೆ 9ರಿಂದ ರಾತ್ರಿ 8 ಅಂದ್ರೆ ಲೆಕ್ಕ ಹೀಗೆ: ವಾರ 2 ಅಲ್ಲ, ಮತ್ತು ಗಂಟೆ 9 ಅಥವಾ ಜಾಸ್ತಿ, ಮತ್ತು ಗಂಟೆ 20ಕ್ಕಿಂತ ಕಮ್ಮಿ. ಮೂರೂ ನಿಜ ಆದ್ರೆ "ತೆರೆದಿದೆ", ಇಲ್ಲಾಂದ್ರೆ "ಮುಚ್ಚಿದೆ". 

ಇದು ಓದೋರ ಫೋನಿನ ಗಡಿಯಾರ ನೋಡುತ್ತೆ. ದುಬೈನಲ್ಲಿರೋ ಮಗ ಮನೆಗೆ ಸಾಮಾನು ಕಳಿಸೋಕೆ ನೋಡಿದರೆ ಅಲ್ಲಿಯ ಹೊತ್ತು ನಮಗಿಂತ ಒಂದೂವರೆ ಗಂಟೆ ಹಿಂದೆ ಇರುತ್ತೆ. ಅದಕ್ಕೆ "ಟುಲೊಕೇಲ್‌ಸ್ಟ್ರಿಂಗ್" ಬಳಸಿ ಟೈಮ್‌ಝೋನ್ "ಏಷ್ಯಾ/ಕೋಲ್ಕತಾ" ಅಂತ ಕೊಡಬೇಕು.

ಅದೇ ಟುಲೊಕೇಲ್‌ಸ್ಟ್ರಿಂಗ್‌ಗೆ "ಇಎನ್-ಐಎನ್" ಅಂತ ಕೊಟ್ಟರೆ 125000 ಅನ್ನೋದು ನಮ್ಮ ಲಕ್ಷದ ಲೆಕ್ಕದಲ್ಲಿ 1,25,000 ಅಂತ ಬರುತ್ತೆ. "ಟುಲೊಕೇಲ್‌ಡೇಟ್‌ಸ್ಟ್ರಿಂಗ್"ಗೆ "ಕೆಎನ್-ಐಎನ್" ಕೊಟ್ಟು, ತಿಂಗಳು-ವಾರ ಉದ್ದಕ್ಕೆ ಬರಲಿ ಅಂತ ಹೇಳಿದರೆ ಹೆಸರುಗಳು ಕನ್ನಡದಲ್ಲೇ ಬರುತ್ತೆ.

7. ಮಾಡಬಾರದ್ದು

ಫ್ರಂಟ್ ಎಂಡ್ ಕೋಡ್‌ನಲ್ಲಿ ಪಾಸ್‌ವರ್ಡ್, ಗಿರಾಕಿಗಳ ಉದ್ರಿ ಲೆಕ್ಕ, ಫೋನ್ ಪಟ್ಟಿ ಬರೀಬೇಡಿ. ಪುಟದ ಮೇಲೆ ರೈಟ್ ಕ್ಲಿಕ್ ಮಾಡಿ "ವ್ಯೂ ಪೇಜ್ ಸೋರ್ಸ್" ಒತ್ತಿದರೆ ಯಾರಿಗಾದರೂ ಎಲ್ಲಾ ಕಾಣುತ್ತೆ. ಪರದೆ ಮೇಲೆ ಮರೆಮಾಡಿದ್ದೀನಿ ಅಂದ್ರೂ ಕೋಡಲ್ಲಿ ಇದ್ದೇ ಇರುತ್ತೆ.

ಎಲ್ಲೋ ಸಿಕ್ಕ ಸ್ಕ್ರಿಪ್ಟನ್ನ ಏನಂತ ಗೊತ್ತಿಲ್ಲದೆ ಪೇಸ್ಟ್ ಮಾಡಬೇಡಿ. ಬೇರೆಯವರ ಸರ್ವರಿಂದ ಬರೋ ಸ್ಕ್ರಿಪ್ಟ್ ಅಂದ್ರೆ ಅಂಗಡಿ ಬೀಗದ ಕೈ ಅವರಿಗೂ ಒಂದು ಕೊಟ್ಟ ಹಾಗೆ. ನಾಳೆ ಅವರು ಅದರಲ್ಲಿ ಏನು ಬದಲಾಯಿಸಿದರೂ ನಿಮ್ಮ ಪುಟದಲ್ಲಿ ಅದೇ ಓಡುತ್ತೆ.

ಎಚ್‌ಟಿಎಂಎಲ್‌ನಲ್ಲಿ ಫಾರ್ಮ್ ಬರೆದ ಮಾತ್ರಕ್ಕೆ ಆರ್ಡರ್ ನಿಮಗೆ ಬರಲ್ಲ. ಅದನ್ನ ತಗೊಳ್ಳೋಕೆ ಆ ಕಡೆ ಒಂದು ಸರ್ವರ್ ಅಥವಾ ಫಾರ್ಮ್ ಸೇವೆ ಬೇಕು. ಅಷ್ಟು ಬೇಡ ಅಂದ್ರೆ ವಾಟ್ಸ್ಯಾಪ್ ಬಟನ್ನೇ ಸಾಕು.

ಎಲ್ಲಿ ಕಲೀಬಹುದು? (ಎಲ್ಲವೂ ಉಚಿತ)

• ಎಂಡಿಎನ್ ವೆಬ್ ಡಾಕ್ಸ್: ಫೈರ್‌ಫಾಕ್ಸ್ ಮಾಡಿದ ಮೊಝಿಲ್ಲಾದವರದು, 2005ರಿಂದ ಇದೆ. ಯಾವ ಟ್ಯಾಗ್ ಏನು ಮಾಡುತ್ತೆ ಅನ್ನೋದಕ್ಕೆ ಇದೇ ಪ್ರಮಾಣ. 2010ರ ಆಗಸ್ಟ್ 20ರ ನಂತರ ಸೇರಿಸಿದ ಕೋಡ್ ಮಾದರಿಗಳನ್ನ ಯಾರ ಅನುಮತಿಯೂ ಇಲ್ಲದೆ ಬಳಸಬಹುದು.
• ಫ್ರೀಕೋಡ್‌ಕ್ಯಾಂಪ್: 2014ರಲ್ಲಿ ಶುರುವಾದ ಲಾಭರಹಿತ ಸಂಸ್ಥೆ. ಹಂತ ಹಂತವಾಗಿ ಬರೆಸಿ ಕಲಿಸುತ್ತೆ. ಪ್ರಾಜೆಕ್ಟ್ ಮುಗಿಸಿದರೆ ಸರ್ಟಿಫಿಕೇಟ್‌ಗೂ ದುಡ್ಡಿಲ್ಲ.
• ಡಬ್ಲ್ಯು3ಸ್ಕೂಲ್ಸ್: ಸಣ್ಣ ಸಣ್ಣ ಉದಾಹರಣೆ, ಅಲ್ಲೇ ಬದಲಾಯಿಸಿ ನೋಡಬಹುದು. ಮೊದಲ ವಾರಕ್ಕೆ ಒಳ್ಳೇದು. ವೆಬ್ ನಿಯಮ ರೂಪಿಸೋ ಡಬ್ಲ್ಯು3ಸಿ ಸಂಸ್ಥೆಗೂ ಇದಕ್ಕೂ ಸಂಬಂಧ ಇಲ್ಲ.
• ಜಾವಾಸ್ಕ್ರಿಪ್ಟ್.ಇನ್ಫೋ: ಜಾವಾಸ್ಕ್ರಿಪ್ಟನ್ನ ಬುಡದಿಂದ ಕಲಿಸೋ ಪಾಠ.
• ಫ್ಲೆಕ್ಸ್‌ಬಾಕ್ಸ್ ಫ್ರಾಗಿ, ಗ್ರಿಡ್ ಗಾರ್ಡನ್: ಆಟ ಆಡ್ತಾ ಸಿಎಸ್‌ಎಸ್ ಕಲಿಯೋದು. ಮೊದಲನೇದರಲ್ಲಿ 24 ಹಂತ, ಎರಡನೇದರಲ್ಲಿ 28.
• ಕೋಡ್‌ಪೆನ್: ಬ್ರೌಸರಲ್ಲೇ ಬರೆದು ಪಕ್ಕದಲ್ಲೇ ಫಲಿತಾಂಶ ನೋಡೋ ಜಾಗ. ಬೇರೆಯವರು ಬರೆದದ್ದನ್ನ ಬಿಚ್ಚಿ ನೋಡಿ ಕಲೀಬಹುದು.
• ಕ್ಯಾನ್ ಐ ಯೂಸ್: ಒಂದು ಹೊಸ ಕೋಡ್ ಹಳೇ ಫೋನಿನ ಬ್ರೌಸರಲ್ಲಿ ನಡೆಯುತ್ತಾ ಅಂತ ತೋರಿಸುತ್ತೆ. ನಮ್ಮ ಕಡೆ ಹಳೇ ಫೋನು ಜಾಸ್ತಿ, ಇದನ್ನ ನೋಡದೆ ಹೊಸದು ಹಾಕಬೇಡಿ.
• ಸ್ಪೋಕನ್ ಟುಟೋರಿಯಲ್: ಬಾಂಬೆ ಐಐಟಿಯ ಯೋಜನೆ. ಹಲವು ಸಾಫ್ಟ್‌ವೇರ್ ಪಾಠಗಳು ಭಾರತೀಯ ಭಾಷೆಗಳ ದನಿಯಲ್ಲಿವೆ, ಕನ್ನಡವೂ ಇದೆ.

ಬರೆಯೋಕೆ ಕಂಪ್ಯೂಟರಲ್ಲಿ ವಿಎಸ್ ಕೋಡ್, ಆಂಡ್ರಾಯ್ಡ್ ಫೋನಲ್ಲಿ ಎಕೋಡ್ ಆಪ್ ಸಾಕು. ಕಲಿತದ್ದನ್ನ ನೆಟ್‌ಗೆ ಏರಿಸಿ ತೋರಿಸೋಕೆ ಗಿಟ್‌ಹಬ್ ಪೇಜಸ್ ಇದೆ. ಅದು ಅಭ್ಯಾಸದ ಪುಟಕ್ಕೆ ಮಾತ್ರ. ಆನ್‌ಲೈನ್ ವ್ಯಾಪಾರ ನಡೆಸೋ ಸೈಟಿಗೆ ಅದನ್ನ ಬಳಸೋಕೆ ಅವರ ನಿಯಮ ಒಪ್ಪಲ್ಲ.

ಮುಗಿಸಿದ ಮೇಲೆ ಪರೀಕ್ಷೆ

ಕಂಪ್ಯೂಟರಿನ ಕ್ರೋಮ್‌ನಲ್ಲಿ ಎಫ್12 ಒತ್ತಿ. ಅಲ್ಲಿ ಲೈಟ್‌ಹೌಸ್ ಅನ್ನೋ ವಿಭಾಗ ವೇಗ ಮತ್ತು ಓದೋ ಅನುಕೂಲಕ್ಕೆ 100ಕ್ಕೆ ಇಷ್ಟು ಅಂತ ಅಂಕ ಕೊಡುತ್ತೆ. ಕಂಪ್ಯೂಟರ್ ಇಲ್ಲದಿದ್ದರೆ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಅಡ್ರೆಸ್ ಹಾಕಿದರೂ ಅಂಕ ಬರುತ್ತೆ. ಟ್ಯಾಗ್ ಎಲ್ಲಿ ಮುಚ್ಚಿಲ್ಲ ಅನ್ನೋದನ್ನ ಡಬ್ಲ್ಯು3ಸಿಯ ವ್ಯಾಲಿಡೇಟರ್ ಸಾಲು ಸಮೇತ ಹೇಳುತ್ತೆ. ಕೊನೆಗೆ ಮನೆಯಲ್ಲಿರೋ ಎಲ್ಲಕ್ಕಿಂತ ಹಳೇ ಫೋನಲ್ಲಿ, ವೈಫೈ ಆಫ್ ಮಾಡಿ, ಬಿಸಿಲಲ್ಲಿ ನಿಂತು ಒಂದು ಸಲ ನೋಡಿ. ನಿಮ್ಮ ಗಿರಾಕಿ ನೋಡೋದು ಹಾಗೇ.

ಮಾಡಿಸೋ ಅಂಗಡಿಯವರು ಕೇಳಬೇಕಾದ್ದು

1. ಡೊಮೈನ್ ಯಾರ ಖಾತೆಯಲ್ಲಿ? ಅಡ್ರೆಸ್ಸಿಗೆ ಡೊಮೈನ್ ಅಂತಾರೆ. ಇದನ್ನ ಯಾರೂ ಪೂರ್ತಿಯಾಗಿ ಕೊಂಡುಕೊಳ್ಳಲ್ಲ. ವರ್ಷದ ಲೆಕ್ಕದಲ್ಲಿ ಗುತ್ತಿಗೆ ಹಿಡಿದ ಹಾಗೆ, ನವೀಕರಿಸದಿದ್ದರೆ ಹೋಗುತ್ತೆ. ಖಾತೆ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಲ್ಲೇ ಇರಬೇಕು. ಓಟಿಪಿ ನಿಮಗೆ ಬರಬೇಕು.
2. ಮುಗಿಯೋ ತಾರೀಖು ಯಾವುದು? "ಡಾಟ್ ಇನ್" ಹೆಸರುಗಳನ್ನ ನೋಡಿಕೊಳ್ಳೋದು ನಿಕ್ಸಿ ಅನ್ನೋ ಭಾರತದ ಸಂಸ್ಥೆ. "ಹೂಈಸ್" ಹುಡುಕಾಟದಲ್ಲಿ ಬಹುತೇಕ ಡೊಮೈನಿನ ತಾರೀಖು ನೋಡಬಹುದು. ಮಾಲೀಕರ ಹೆಸರು ಮರೆಯಾಗಿರಬಹುದು, ಹಾಗಾಗಿ ಲಾಗಿನ್ನೇ ನಿಜವಾದ ಪತ್ರ.
3. ಫೈಲುಗಳು ಎಲ್ಲಿ? ಪೂರ್ತಿ ಪುಟದ ಜಿಪ್ ಫೈಲ್ ಒಂದು ಪೆನ್‌ಡ್ರೈವಲ್ಲಿ ಇಸ್ಕೊಳ್ಳಿ. ಅದು ಕೈಲಿದ್ದರೆ ಬೇರೆ ಯಾರ ಹತ್ರ ಆದ್ರೂ ಮತ್ತೆ ಏರಿಸಿಕೊಳ್ಳಬಹುದು.
4. ಹೋಸ್ಟಿಂಗ್ ಲಾಗಿನ್ ಯಾರದು? ಡೊಮೈನ್ ಬೇರೆ, ಫೈಲ್ ಕೂರೋ ಜಾಗ ಬೇರೆ. ಎರಡರ ಲಾಗಿನ್ನೂ ಬೇಕು.
5. ಎಸ್‌ಎಸ್‌ಎಲ್‌ಗೆ ಬೇರೆ ದುಡ್ಡು ಯಾಕೆ? ಅಡ್ರೆಸ್ಸಿನ ಮುಂದೆ ಎಚ್‌ಟಿಟಿಪಿಎಸ್ ಬರೋಕೆ ಬೇಕಾದ ಸರ್ಟಿಫಿಕೇಟನ್ನ "ಲೆಟ್ಸ್ ಎನ್‌ಕ್ರಿಪ್ಟ್" ಉಚಿತವಾಗಿ ಕೊಡುತ್ತೆ. ಹಾಕಿಕೊಟ್ಟ ಕೂಲಿ ಕೇಳೋದು ಸರಿ, ಅದಕ್ಕೆ ವರ್ಷ ವರ್ಷ ದೊಡ್ಡ ಮೊತ್ತ ಹೇಳಿದರೆ ಯಾಕೆ ಅಂತ ಕೇಳಿ.

ಮಾಡಿಕೊಡೋ ಹುಡುಗರಿಗೂ ಒಂದು ಮಾತು. ಈ ಐದಕ್ಕೂ ಒಂದು ಹಾಳೆಯಲ್ಲಿ ಉತ್ತರ ಬರೆದು, ಬಿಲ್ ಜೊತೆ ಕೊಡಿ. ನಾಳೆ ನೀವು ಕೆಲಸಕ್ಕೆ ಬೇರೆ ಊರಿಗೆ ಹೋದ್ರೂ ಅಂಗಡಿಯವರ ಪುಟ ನಿಲ್ಲಬಾರದು. ಹಾಗೆ ಕೊಟ್ಟವರ ಹೆಸರನ್ನೇ ಪಕ್ಕದ ಅಂಗಡಿಯವರು ಕೇಳ್ಕೊಂಡು ಬರೋದು.

ಮೊದಲು ಹೇಳಿದ ಬೀಜ-ಗೊಬ್ಬರದ ಅಂಗಡಿಯವರ ಕಥೆ: ಅವರ ಡೊಮೈನ್ ಮಾಡಿಕೊಟ್ಟ ಹುಡುಗನ ಇಮೇಲಲ್ಲಿತ್ತು, ಅವಧಿ ಮುಗಿದಿತ್ತು, ಫೈಲ್ ಯಾರ ಹತ್ರಾನೂ ಇರಲಿಲ್ಲ. ಹೊಸ ಹೆಸರು ಅವರದೇ ಇಮೇಲಲ್ಲಿ ತಗೊಂಡು ಮೊದಲಿಂದ ಮಾಡಬೇಕಾಯ್ತು. ಹಳೇ ಬಿಲ್ ಬುಕ್ಕಿನ ಮೇಲಿನ ಅಡ್ರೆಸ್ಸನ್ನ ಈಗ ಪೆನ್ನಲ್ಲಿ ಹೊಡೆದು ತಿದ್ದುತಾ ಇದ್ದಾರೆ. ನಿಮ್ಮ ಅಂಗಡಿಗೂ ಪುಟ ಇದ್ದರೆ, ಇವತ್ತೇ ಲಾಗಿನ್ ಯಾರ ಹತ್ರ ಇದೆ ಅಂತ ಒಂದು ಸಲ ಕೇಳಿ.